ರೆಕಾರ್ಡ್ ಪ್ಲೇಯರು: ಹೊಸದನ್ನು ಕೊಳ್ಳುವ ಮೊದಲು

ಉದ್ಯೋಗಕ್ಕಾಗಿ ಊರು ಬಿಟ್ಟು ಬಂದವರು ಹಳೆಯ ಸಾಮಾನುಗಳನ್ನು ಸುಲಭವಾಗಿ ಎಸೆಯಲಾರರು. ಅಹಮದಾಬಾದಿನಲ್ಲಿ ನೆಲೆಸಿದ ನಮ್ಮವರಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಹಿರಿಯರ ಕಾಲದ ರೆಕಾರ್ಡ್ ಪ್ಲೇಯರು ಇನ್ನೂ ಇದ್ದೀತು. ಜೊತೆಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಕಾಳಿಂಗರಾಯರ ಪ್ಲೇಟುಗಳೂ ಇದ್ದಾವು. ಇಂಥವರಿಗೆ, 'ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ' ಎಂದು ಬುದ್ಧಿ ಹೇಳುವವರು ಬಹಳ. ಸಂಬಳದ ಹಣ ತೆರುವ ಮೊದಲು ಕೊಂಚ ವಿಚಾರ ಮಾಡುವುದು ಒಳ್ಳೆಯದು. ಆಯ್ಕೆ ತಪ್ಪಿದರೆ ಹಣದ ಜೊತೆಗೆ ಮತ್ತೆ ಸಿಗದ ಧ್ವನಿಯೂ ಹಾಳಾಗುತ್ತದೆ.

ನೆನಪಿಡಬೇಕಾದ ಸೂತ್ರ ಒಂದೇ: ಧ್ವನಿ ಹುಟ್ಟುವುದು ಮುಳ್ಳು ಪ್ಲೇಟಿನ ಗೆರೆಯನ್ನು ಮುಟ್ಟುವಲ್ಲಿ. ಆದ್ದರಿಂದ ಹಣವನ್ನು ಮೊದಲು ಅಲ್ಲಿಗೆ ಹಾಕಬೇಕು; ಪೆಟ್ಟಿಗೆಯ ಅಂದಕ್ಕಲ್ಲ.

1. ವೇಗದ ಪರೀಕ್ಷೆ

ಇದಕ್ಕೆ ಖರ್ಚಿಲ್ಲ. ಪ್ಲೇಟಿನ ಅಂಚಿನಲ್ಲಿ ಒಂದು ಚೂರು ಕಾಗದ ಇಟ್ಟು, ಗಡಿಯಾರ ನೋಡುತ್ತ ಮೂರು ನಿಮಿಷ ಸುತ್ತು ಎಣಿಸಿರಿ. 33⅓ರ ವೇಗದಲ್ಲಿ ಸರಿಯಾಗಿ 100 ಸುತ್ತು ಬರಬೇಕು. 45ಕ್ಕೆ 135, 78ಕ್ಕೆ 234. ನೂರರ ಬದಲು ನೂರಾರು ಬಂದರೆ ಹಾಡು ಹೆಚ್ಚು ಕಡಿಮೆ ಅರ್ಧ ಸ್ವರ ಮೇಲೇರಿದೆ ಎಂದು ತಿಳಿಯಿರಿ. ವೇಗ ತಪ್ಪಲು ಸಾಮಾನ್ಯ ಕಾರಣಗಳು ಸಡಿಲಾದ ಬೆಲ್ಟು, ಗಟ್ಟಿಯಾದ ರಬ್ಬರ್ ಚಕ್ರ, ಒಣಗಿದ ಎಣ್ಣೆ. ಬೆಲ್ಟು ಬದಲಾಯಿಸಿ, ನಡುಗಂಬಕ್ಕೆ ಒಂದೆರಡು ತೊಟ್ಟು ತೆಳು ಎಣ್ಣೆ ಬಿಟ್ಟರೆ ಎಷ್ಟೋ ಯಂತ್ರಗಳು ಸರಿಹೋಗುತ್ತವೆ. ಎಣ್ಣೆ ರಬ್ಬರಿಗೆ ತಾಗಬಾರದು.

ಅಮೆರಿಕದಿಂದ ಬಂದ ಹಳೆಯ ಯಂತ್ರವಾದರೆ ಇನ್ನೊಂದು ಮಾತುಂಟು. ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50ರದು. ನೇರವಾಗಿ ಕರೆಂಟಿನ ಆವರ್ತನವನ್ನೇ ಅನುಸರಿಸುವ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ. ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರಿನಿಂದ ಇದು ಸರಿಹೋಗದು.

2. ಮುಳ್ಳು

78ರ ಪ್ಲೇಟಿನ ಗೆರೆ ಅಗಲ, ಎಲ್.ಪಿ.ಯದು ಕಿರಿದು. ಮುಳ್ಳಿನ ದುಂಡು ತುದಿಯ ತ್ರಿಜ್ಯ 78ಕ್ಕೆ ಸುಮಾರು 75 ಮೈಕ್ರಾನ್ ಬೇಕು, ಎಲ್.ಪಿ.ಗೆ 18ರಿಂದ 25. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಎಲ್.ಪಿ.ಯ ಮುಳ್ಳನ್ನು 78ರ ಮೇಲಿಟ್ಟರೆ ಅದು ಗೆರೆಯ ತಳದಲ್ಲಿ ಓಡಾಡಿ ಗರಗರ ಸದ್ದು ಮಾಡುತ್ತದೆ. ಅನೇಕ ಕಾರ್ಟ್ರಿಜ್‌ಗಳಿಗೆ ಮುಳ್ಳು ಮಾತ್ರ ಬಿಡಿಯಾಗಿ ಸಿಗುತ್ತದೆ. ಹಳೆಯ ಯಂತ್ರಕ್ಕೆ ಮಾಡಬಹುದಾದ ಅತ್ಯಂತ ಫಲದಾಯಕ ಖರ್ಚು ಇದೇ. ವಜ್ರದ ಮುಳ್ಳು 500 ಗಂಟೆ ಬಾಳಿದರೂ, ದಿನಕ್ಕೊಂದು ಗಂಟೆ ಕೇಳುವವರಿಗೆ ಒಂದು ವರ್ಷ ನಾಲ್ಕು ತಿಂಗಳು ಬರುತ್ತದೆ. ಸವೆದ ಮುಳ್ಳು ಉಳಿಯಂತೆ ಗೆರೆಯನ್ನು ಕೆತ್ತುತ್ತದೆ. ಆ ಗಾಯಕ್ಕೆ ಮದ್ದಿಲ್ಲ.

ಕೀಲಿ ಕೊಟ್ಟು ನಡೆಸುವ ಹಳೆಯ ಗ್ರಾಮಫೋನಿನಲ್ಲಿ ಎಲ್.ಪಿ.ಯನ್ನು ಎಂದಿಗೂ ಹಾಕಕೂಡದು. ಅದರ ಉಕ್ಕಿನ ಮುಳ್ಳನ್ನು ಪ್ಲೇಟಿನ ಒಂದೊಂದು ಬದಿಗೂ ಬದಲಾಯಿಸಬೇಕು.

3. ತೂಕ

ಮುಳ್ಳು ಗೆರೆಯ ಮೇಲೆ ಊರುವ ಭಾರ, ಮ್ಯಾಗ್ನೆಟಿಕ್ ಕಾರ್ಟ್ರಿಜ್ ಆದರೆ ಸಾಮಾನ್ಯವಾಗಿ 1.5ರಿಂದ 3 ಗ್ರಾಂ. ತಯಾರಕರು ಹೇಳಿದ ಅಂಕಿಯೇ ಪ್ರಮಾಣ. ಹಳೆಯ ಸೆರಾಮಿಕ್ ಕಾರ್ಟ್ರಿಜ್‌ಗಳ ಭಾರ ಇದಕ್ಕಿಂತ ಹೆಚ್ಚು. ಇಲ್ಲಿ ಗಮನಿಸಿರಿ: ಅಗ್ಗದ ಹೊಸ ಸೂಟ್‌ಕೇಸ್ ಪ್ಲೇಯರುಗಳಲ್ಲಿಯೂ ಬಹುಮಟ್ಟಿಗೆ ಸೆರಾಮಿಕ್ ಕಾರ್ಟ್ರಿಜ್‌ಗಳೇ ಇರುತ್ತವೆ, ಭಾರ ಹೊಂದಿಸುವ ಏರ್ಪಾಡೂ ಇರುವುದಿಲ್ಲ. ಚೆನ್ನಾದ ಹಳೆಯ ಯಂತ್ರವನ್ನು ಕೊಟ್ಟು ಇಂಥದನ್ನು ತಂದರೆ, ಹೊಸತು ತಂದೆವೆಂಬ ಹೆಸರು ಮಾತ್ರ ಉಳಿದೀತು.

4. ಕಾರ್ಟ್ರಿಜ್

ಸೆರಾಮಿಕ್ ತೆಗೆದು ಮ್ಯಾಗ್ನೆಟಿಕ್ ಹಾಕುವ ಆಸೆಯಿದ್ದರೆ ಎರಡು ಸಂಗತಿ ವಿಚಾರಿಸಿರಿ. ಕೈಯ ಭಾರವನ್ನು ಇಳಿಸಲು ಬರುತ್ತದೆಯೇ? ಧ್ವನಿವರ್ಧಕದಲ್ಲಿ 'ಫೋನೋ' ಎಂಬ ಜಾಗವಿದೆಯೇ? ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿವೋಲ್ಟು. ಫೋನೋ ಇಲ್ಲದಿದ್ದರೆ ಪ್ರೀ-ಆಂಪ್ಲಿಫಯರು ಬೇರೆ ಕೊಳ್ಳಬೇಕಾಗುತ್ತದೆ. ಆ ಲೆಕ್ಕವನ್ನೂ ಮೊದಲೇ ಸೇರಿಸಿಕೊಳ್ಳಿರಿ.

5. ಶುಚಿ

ಈ ಊರಿನ ಧೂಳು, ಬೇಸಿಗೆಯ ಬಿಸಿಲು ಎರಡೂ ಪ್ಲೇಟಿಗೆ ವೈರಿಗಳು. ಪ್ಲೇಟುಗಳನ್ನು ನೆಟ್ಟಗೆ ನಿಲ್ಲಿಸಿ ನೆರಳಿನಲ್ಲಿಡಿರಿ. ಹಳೆಯ 78ರ ಪ್ಲೇಟು ಅರಗಿನಿಂದಾದದ್ದು. ಸ್ಪಿರಿಟ್ ತಾಗಿದರೆ ಕರಗುತ್ತದೆ. ಅದನ್ನು ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

6. ಕೈಬಿಡುವುದು ಯಾವಾಗ?

ಹಳೆಯದೆಂಬ ಒಂದೇ ಮೋಹದಿಂದ ಹಣ ಸುರಿಯಲೂಬಾರದು. ನಡುಗಂಬ ಸವೆದು ತಟ್ಟೆ ಅಲುಗಾಡುತ್ತಿದ್ದರೆ, ಕೈಯ ಕೀಲು ಸಡಿಲವಾಗಿದ್ದರೆ, ಆ ಕಾರ್ಟ್ರಿಜ್‌ಗೆ ಮುಳ್ಳೇ ಸಿಗದಿದ್ದರೆ ಆಸೆ ಬಿಡುವುದು ಲೇಸು. ಆಗಲೂ ಭಾರ ಹೊಂದಿಸಬಲ್ಲ, ಮುಳ್ಳು ಬದಲಿಸಬಲ್ಲ ಯಂತ್ರವನ್ನೇ ಹುಡುಕಬೇಕು. ಸಾಬರಮತಿಯ ದಡದ ರವಿವಾರದ ಗುಜರಿಯಲ್ಲಿ ಹಳೆಯ ಯಂತ್ರವೇನಾದರೂ ಕಣ್ಣಿಗೆ ಬಿದ್ದರೆ, ನಡೆಸಿ ತೋರಿಸದ ಹೊರತು ಹಣ ಕೊಡಬೇಡಿರಿ.

ಅಭ್ಯಾಸ

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದುಕೊಳ್ಳಿರಿ: (ಅ) ಯಂತ್ರದ ಮಾಡೆಲ್ ಸಂಖ್ಯೆ, (ಆ) ಮೂರು ನಿಮಿಷದ ಸುತ್ತುಗಳು, (ಇ) ಕಾರ್ಟ್ರಿಜ್ ಮೇಲಿನ ಹೆಸರು ಮತ್ತು ಸಂಖ್ಯೆ, (ಈ) ಮನೆಯಲ್ಲಿರುವ 78ರ ಪ್ಲೇಟುಗಳೆಷ್ಟು, ಎಲ್.ಪಿ.ಗಳೆಷ್ಟು. ಈ ನಾಲ್ಕು ಉತ್ತರ ಕೈಯಲ್ಲಿದ್ದವರಿಗೆ ಬೇಡದ ಸಾಮಾನು ಮಾರುವುದು ಕಷ್ಟ.