ಉರಿಯುವ ಎಣ್ಣೆಗೆ ನೀರು ಯಾಕೆ ಹಾಕಬಾರದು?

ಪ್ರಶ್ನೆ: ಹಬ್ಬದ ದಿನ ಬೋಂಡಾ ಕರಿಯಲು ಇಟ್ಟಿದ್ದ ಎಣ್ಣೆಗೆ ಬೆಂಕಿ ಹತ್ತಿಕೊಂಡಿತು. ನಾನು ಒಂದು ಚೊಂಬು ನೀರು ತಂದೆ. ಸುರಿಯುವಷ್ಟರಲ್ಲಿ ನಮ್ಮತ್ತೆ ಕೈ ಹಿಡಿದು ತಡೆದು, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿದರು. ಬೆಂಕಿ ಆರಿತು. ನೀರು ಹಾಕಿದ್ದರೆ ಏನಾಗುತ್ತಿತ್ತು?
— ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ನಿಮ್ಮತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಮಾಡಿದ್ದು ನೂರಕ್ಕೆ ನೂರು ಸರಿ.

ತೊಳೆದ ಕರಿಬೇವನ್ನು ಒಗ್ಗರಣೆಗೆ ಹಾಕಿದಾಗ ಎಣ್ಣೆ ಚಟಪಟ ಸಿಡಿದು ಕೈ ಚುರ್ ಎಂದದ್ದು ನೆನಪಿದೆಯೇ? ಎಲೆಗೆ ಅಂಟಿಕೊಂಡಿದ್ದ ಒಂದೆರಡು ಹನಿ ನೀರಿನ ಕೆಲಸ ಅದು. ನಿಮ್ಮ ಕೈಯಲ್ಲಿದ್ದದ್ದು ಇಡೀ ಚೊಂಬು.

ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಬೋಂಡಾ ಕರಿಯುವ ಎಣ್ಣೆ 170–190 ಡಿಗ್ರಿಯಲ್ಲಿರುತ್ತದೆ. ದೊಡ್ಡ ಉರಿಯಲ್ಲಿ ಹಾಗೇ ಬಿಟ್ಟರೆ ಮೊದಲು ಹೊಗೆಯಾಡುತ್ತದೆ, 350 ಡಿಗ್ರಿ ದಾಟಿದ ಮೇಲೆ ಕಿಡಿ ತಾಗದಿದ್ದರೂ ತಾನಾಗಿಯೇ ಹೊತ್ತಿಕೊಳ್ಳಬಹುದು. ಮತ್ತೆ ಮತ್ತೆ ಕರಿದ ಹಳೆಯ ಎಣ್ಣೆಗೆ ಅಷ್ಟು ಕಾವೂ ಬೇಕಿಲ್ಲ. ಈ ಎಣ್ಣೆಗೆ ನೀರು ಬಿದ್ದರೆ ಅದು ಮೇಲೆ ನಿಲ್ಲುವುದಿಲ್ಲ. ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿಯುತ್ತದೆ, ಇಳಿಯುತ್ತಲೇ ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಹಿಗ್ಗುತ್ತದೆ. ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು, ಕ್ಷಣಾರ್ಧದಲ್ಲಿ 340 ಲೀಟರ್‌ ಆವಿಯಾದರೆ ಅದಕ್ಕೆ ಬಾಣಲೆಯಲ್ಲಿ ಜಾಗವೆಲ್ಲಿ? ಮೇಲಿರುವ ಎಣ್ಣೆಯನ್ನೆಲ್ಲ ಎತ್ತಿ ಎಸೆಯುತ್ತದೆ. ಅಲ್ಲಿಯವರೆಗೆ ಎಣ್ಣೆ ಉರಿಯುತ್ತಿದ್ದದ್ದು ಮೇಲ್ಮೈಯಲ್ಲಿ ಮಾತ್ರ. ಈಗ ಸಣ್ಣ ಹನಿಗಳಾಗಿ ಚದುರಿ, ಪ್ರತಿ ಹನಿಗೂ ಸುತ್ತಲಿಂದ ಗಾಳಿ ಸಿಕ್ಕಿ, ಎಲ್ಲವೂ ಒಟ್ಟಿಗೆ ಉರಿಯುತ್ತವೆ. ಬೆಂಕಿಯ ಉಂಡೆ ಸೂರಿಗೆ ಮುಟ್ಟುತ್ತದೆ. ಅದಕ್ಕೆ ಎಲ್ಲರಿಗಿಂತ ಹತ್ತಿರ ನಿಂತಿರುವವರು ಚೊಂಬು ಹಿಡಿದವರೇ.

ಹಾಗೆಂದು ನೀರನ್ನು ದೂರಬೇಡಿ. ಸೌದೆ, ಬಟ್ಟೆ, ಕಾಗದ, ಹುಲ್ಲಿನ ಬಣವೆಗೆ ಹತ್ತಿದ ಬೆಂಕಿಗೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ತಣ್ಣೀರು ಕುದಿ ಬರುವವರೆಗೆ ಎಷ್ಟು ಶಾಖ ಹೀರುತ್ತದೋ, ಪೂರ್ತಿ ಆವಿಯಾಗುವಾಗ ಅದರ ಏಳು ಪಟ್ಟು ಹೀರುತ್ತದೆ. ಕಾವು ಇಳಿದರೆ ಸೌದೆಯ ಬೆಂಕಿ ತಾನೇ ಸೋಲುತ್ತದೆ.

ಎಣ್ಣೆಯ ಬೆಂಕಿಯಲ್ಲಿ ಕಿತ್ತುಕೊಳ್ಳಬೇಕಾದ್ದು ಗಾಳಿಯನ್ನು. ಕೈಗೆಟುಕಿದರೆ ಒಲೆ ಆರಿಸಿ. ಸ್ಟೀಲಿನ ತಟ್ಟೆಯನ್ನು ಗುರಾಣಿಯಂತೆ ನಿಮ್ಮ ಮುಂದೆ ಹಿಡಿದು, ನಿಮ್ಮ ಕಡೆಯಿಂದ ಆಚೆಗೆ ಜಾರಿಸುತ್ತಾ ಬಾಣಲೆ ಮುಚ್ಚಿ. ಗಾಜಿನ ಮುಚ್ಚಳ ಬೇಡ, ಕಾವಿಗೆ ಒಡೆಯಬಹುದು. ಆಮೇಲಿನದು ತಾಳ್ಮೆಯ ಕೆಲಸ, ಬಹಳ ಜನ ಎಡವುವುದೂ ಅಲ್ಲೇ. ಆರಿತೇ ಎಂದು ನೋಡಲು ತಟ್ಟೆ ಎತ್ತಬೇಡಿ. ಎಣ್ಣೆಯ ಕಾವು ಇಳಿದಿರುವುದಿಲ್ಲ, ಗಾಳಿ ಸಿಕ್ಕ ಕೂಡಲೇ ಮತ್ತೆ ಭಗ್ಗೆನ್ನುತ್ತದೆ. ಬಾಣಲೆ ಪೂರ್ತಿ ತಣ್ಣಗಾಗುವವರೆಗೆ ಮುಟ್ಟಬೇಡಿ. ಉರಿಯುವ ಬಾಣಲೆಯನ್ನು ಎತ್ತಿಕೊಂಡು ಹಿತ್ತಲಿಗೆ ಓಡುವುದಂತೂ ಕೂಡದು: ಎಣ್ಣೆ ತುಳುಕಿದರೆ ಮೈಮೇಲೆ, ಇಲ್ಲವೇ ಬಾಗಿಲಲ್ಲಿ ನಿಂತ ಮಗುವಿನ ಮೇಲೆ.

ಅಡುಗೆ ಸೋಡಾ ಕಾವಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ಸಣ್ಣ ಬೆಂಕಿಯನ್ನು ಅದುಮುತ್ತದೆ, ಆದರೆ ಚಿಟಿಕೆ ಸಾಲದು, ಡಬ್ಬವೇ ಬೇಕು. ಸೋಡಾ ಎಂದುಕೊಂಡು ಗಡಿಬಿಡಿಯಲ್ಲಿ ಮೈದಾ ಎರಚಿದರೆ ಹಿಟ್ಟಿನ ಧೂಳೇ ಹೊತ್ತಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಮನೆಗೆ ತಟ್ಟೆಯೇ ಸಾಕು, ಎಣ್ಣೆ ಇಡುವ ಮೊದಲೇ ಅದು ಒಲೆಯ ಪಕ್ಕದಲ್ಲಿರಲಿ.

ದೊಡ್ಡ ಹೋಟೆಲುಗಳ ಅಡುಗೆಮನೆಗೆಂದೇ ವೆಟ್ ಕೆಮಿಕಲ್ ಎಂಬ ಬೇರೆ ಸಿಲಿಂಡರ್ ಇದೆ. ಅದರಲ್ಲಿರುವುದು ಪೊಟ್ಯಾಸಿಯಂ ಲವಣಗಳ ದ್ರಾವಣ. ನುಣ್ಣನೆಯ ತುಂತುರಾಗಿ ಬಿದ್ದು ಬಿಸಿ ಎಣ್ಣೆಯೊಂದಿಗೆ ಸೇರಿ ಸಾಬೂನಿನ ನೊರೆಯಾಗುತ್ತದೆ. ಸಾಬೂನು ತಯಾರಾಗುವ ಕ್ರಿಯೆಯೇ ಬಾಣಲೆಯಲ್ಲಿ ನಡೆದು, ಆ ನೊರೆಯೇ ಮುಚ್ಚಳವಾಗಿ ಕೂರುತ್ತದೆ! ಕಚೇರಿಗಳಲ್ಲಿ ಕಾಣುವ ಪುಡಿಯ ಸಿಲಿಂಡರ್ ಜ್ವಾಲೆಯನ್ನು ಅಡಗಿಸಬಲ್ಲದು, ಎಣ್ಣೆಯನ್ನು ತಣಿಸಲಾರದು.

ಪೆಟ್ರೋಲಿಗೂ ನೀರು ಬೇಡ: ಅದು ನೀರಿನ ಮೇಲೆ ತೇಲಿ, ಹರಿದಲ್ಲೆಲ್ಲ ಉರಿಯನ್ನು ಒಯ್ಯುತ್ತದೆ. ಸ್ವಿಚ್ ಬೋರ್ಡಿನಿಂದ ಬೆಂಕಿ ಬಂದರೆ ಮೊದಲು ಮೇನ್ ಸ್ವಿಚ್ ಆರಿಸಿ. ಕರೆಂಟ್ ಇರುವಾಗ ನೀರು ಎರಚಿದರೆ ಆ ನೀರಿನ ಮೂಲಕ ನಿಮಗೇ ಶಾಕ್ ಹೊಡೆಯಬಹುದು. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಬೆಂಕಿ ತಟ್ಟೆಗೆ ಬಗ್ಗದಷ್ಟಾಗಿದ್ದರೆ ಎಲ್ಲರನ್ನೂ ಹೊರಗೆ ಕಳಿಸಿ, 101 ಇಲ್ಲವೇ 112ಕ್ಕೆ ಕರೆ ಮಾಡಿ.

ಇಷ್ಟೆಲ್ಲದರ ನಡುವೆ ಯಾರ ಕೈಗಾದರೂ ಎಣ್ಣೆ ಸಿಡಿದಿದ್ದರೆ ಟೂತ್‌ಪೇಸ್ಟ್, ಬೆಣ್ಣೆ ಹಚ್ಚಬೇಡಿ. ಸುಟ್ಟ ಜಾಗವನ್ನು ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಿ.