ನಾರ್ವೆಯ ಟ್ರೊಮ್ಸೊಗೆ ಹೊರಟ ಮೊಮ್ಮಗುವಿಗೆ

ಟಿಕೆಟ್ ಆಯಿತಂತೆ, ಸಂತೋಷ. ಅರೋರಾ ಫೋಟೊದ ಕೆಳಗೆ ಹಾಕಬೇಕಾದ ಸಾಲನ್ನೂ ಆಗಲೇ ಬರೆದಿಟ್ಟುಕೊಂಡಿದ್ದೀಯಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ ಬಿಡು. ಆ ಆಕಾಶ ನಿನ್ನ ರಜೆ ನೋಡಿಕೊಂಡು ಬೆಳಗುವುದಿಲ್ಲ ಮರಿ. ಅಲ್ಲಿ ಮಗಳ ಮನೆಯಲ್ಲಿ ಚಳಿಗಾಲ ಕಳೆದವನು ಹೇಳುತ್ತೇನೆ, ಕೇಳು. ಸೂರ್ಯನ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಎಷ್ಟು ಕಲಕಿತೆಂದು ಹೇಳುವ ಕೆಪಿ ಸೂಚ್ಯಂಕ 7 ಅಂತ ಮೊಬೈಲ್ ಕುಣಿಯುತ್ತಿರುತ್ತದೆ, ನೆತ್ತಿಯ ಮೇಲೆ ಮೋಡ ಕವಿದಿರುತ್ತದೆ. ಇನ್ನೊಂದು ರಾತ್ರಿ ಬರೀ 2 ಇದ್ದರೂ ಆಕಾಶ ತಿಳಿಯಾಗಿದ್ದರೆ ಹಸಿರು ಪಟ್ಟಿ ತೇಲಿ ಬರುತ್ತದೆ. ಆ ಊರು ಇರುವುದೇ ಅರೋರಾ ವಲಯದ ಕೆಳಗೆ. ಮೊದಲು ಮೋಡದ ಸುದ್ದಿ ನೋಡು, ಸೂರ್ಯನ ಸುದ್ದಿ ಆಮೇಲೆ.

ಕ್ಯಾಮೆರಾದ ಗುಂಡಿಗಳನ್ನು ಮನೆಯಲ್ಲೇ ದೀಪ ಆರಿಸಿ, ಕೈಗವಸು ತೊಟ್ಟು ಒತ್ತಿ ರೂಢಿ ಮಾಡಿಕೋ. ನಗಬೇಡ. ಅಲ್ಲಿ ಹೋಗಿ ಮೆನು ಹುಡುಕಿದರೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಅಗಲ ನೋಟದ ಲೆನ್ಸ್, ಅಪರ್ಚರ್ 2.8, ಐಎಸ್‌ಒ 1600ರಿಂದ 3200. ಬೆಳಕು ಸೋಮಾರಿಯಾಗಿ ತೂಗುತ್ತಿದ್ದರೆ 10 ಸೆಕೆಂಡ್ ಬಿಡು. ಕುಣಿಯತೊಡಗಿತೋ, 2-3 ಸೆಕೆಂಡಿಗೆ ಇಳಿಸು. ಇಲ್ಲದಿದ್ದರೆ ನೆರಿಗೆಯೆಲ್ಲ ಕಲಸಿಹೋಗಿ ಹಸಿರು ಗಂಜಿಯಾಗುತ್ತದೆ. ಫೋಕಸ್ಸನ್ನು ಒಂದು ನಕ್ಷತ್ರಕ್ಕೆ ಕೈಯಿಂದಲೇ ಹೊಂದಿಸು. ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದು ಒಳಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ವಾಪಸಾಗುವಾಗ ಕ್ಯಾಮೆರಾವನ್ನು ಹೊರಗಡೆಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗೆ ತಾ, ಲೆನ್ಸ್ ಬೆವರುವುದಿಲ್ಲ.

ಇನ್ನು ನಿನ್ನ ಮೊಬೈಲ್ ಟಾರ್ಚು. ಕಣ್ಣು ಕತ್ತಲಿಗೆ ಪಳಗಲು ಅರ್ಧ ಗಂಟೆ ಬೇಕು. ನೀನೊಮ್ಮೆ ಹಚ್ಚಿದೆಯೋ, ಅಲ್ಲಿದ್ದವರೆಲ್ಲ ಆ ಅರ್ಧ ಗಂಟೆಯನ್ನು ಮತ್ತೆ ಮೊದಲಿನಿಂದ ಕಾಯಬೇಕು. ಮನಸ್ಸಿನಲ್ಲೇ ಬೈದುಕೊಳ್ಳುತ್ತಾರೆ, ನಾನಾದರೆ ಬಾಯಿಬಿಟ್ಟೇ ಬೈಯುತ್ತೇನೆ. ಮಂದವಾದ ಕೆಂಪು ದೀಪ ಇಟ್ಟುಕೋ.

ಒಂದು ರಾತ್ರಿ ಊರಾಚೆಯ ಫ್ಯೋರ್ಡ್ ದಡದಲ್ಲಿ ವ್ಯಾನಿನಿಂದಿಳಿದು ನಿಂತಿದ್ದೆವು. ನಿನ್ನ ವಯಸ್ಸಿನ ಹುಡುಗನೊಬ್ಬ ತಾನು ತೆಗೆದದ್ದನ್ನು ಪರದೆಯ ಮೇಲೆ ಹಿಗ್ಗಿಸಿ ಹಿಗ್ಗಿಸಿ, ನಕ್ಷತ್ರ ಚೂಪಾಗಿ ಬಂದಿದೆಯೋ ಇಲ್ಲವೋ ಎಂದು ತಪಾಸಣೆ ಮಾಡುತ್ತಿದ್ದ. ಅಷ್ಟರಲ್ಲಿ ನೆತ್ತಿಯ ಮೇಲೇ ಬೆಳಕು ಒಡೆದು ನಾಲ್ಕೂ ದಿಕ್ಕಿಗೆ ಕಿರಣ ಚೆಲ್ಲಿತು, ಕೆಳಗಿನ ಅಂಚಿನಲ್ಲಿ ಗುಲಾಬಿ ಓಡಿತು. ಪಕ್ಕದಲ್ಲಿದ್ದ ಯಾವುದೋ ದೇಶದ ಹಿರಿಯ ಹೆಂಗಸು ನನ್ನ ತೋಳು ಹಿಡಿದು ಅವರ ಭಾಷೆಯಲ್ಲಿ ಏನೋ ಕೂಗಿದರು. ನಾನು 'ಅಯ್ಯಯ್ಯೋ, ಅಲ್ನೋಡಿ ಅಮ್ಮಾ' ಅಂದೆ. ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಹುಡುಗ ತಲೆಯೆತ್ತುವ ಹೊತ್ತಿಗೆ ಎಲ್ಲ ಮಸುಕು. ನಕ್ಷತ್ರ ಮಾತ್ರ ಬಲು ಚೂಪಾಗಿ ಬಂದಿತ್ತಂತೆ!

ಹಾಗಂತ ಕ್ಯಾಮೆರಾವನ್ನು ಹಳಿಯುತ್ತಿಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ಸರಿಯಾಗಿ ತಿಳಿಯದು, ಅದಕ್ಕೆ ತಿಳಿಯುತ್ತದೆ. 2024ರ ಮೇ ತಿಂಗಳ ಸೌರ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪಾಯಿತಲ್ಲ, ಅದನ್ನು ಹಿಡಿದದ್ದು ನಮ್ಮ ಬೆಂಗಳೂರಿನ ಖಭೌತ ವಿಜ್ಞಾನ ಸಂಸ್ಥೆಯವರು ಅಲ್ಲಿ ಇಟ್ಟಿರುವ ಕ್ಯಾಮೆರಾ. ಅಷ್ಟು ದಕ್ಷಿಣಕ್ಕೆ ಕಾಣುವುದು 200 ಕಿಲೋಮೀಟರಿಗಿಂತ ಮೇಲೆ ಆಮ್ಲಜನಕ ಸೂಸುವ ಕೆಂಪು. ಅದರ ಕೆಳಗಿನ ಹಸಿರು ದಿಗಂತದ ಆಚೆ ಮುಳುಗಿರುತ್ತದೆ.

ಆದರೆ ತೆಗೆದದ್ದನ್ನು ಹಂಚಿಕೊಳ್ಳಬೇಕು. ಕೆನಡಾದ ಆಲ್ಬರ್ಟಾದಲ್ಲಿ ಅರೋರಾ ಬೆನ್ನು ಹತ್ತಿದ ಹವ್ಯಾಸಿಗಳ ಗುಂಪೊಂದಿದೆ. ಆಕಾಶದಲ್ಲಿ ಅಡ್ಡ ಹಾಯ್ದ ತೆಳ್ಳನೆಯ ನೇರಳೆ ಪಟ್ಟಿಯ ಫೋಟೊಗಳನ್ನು ಅವರು ತಮ್ಮತಮ್ಮಲ್ಲಿ ಹಂಚಿಕೊಂಡರು. ಏನೆಂದು ತಿಳಿಯದೆ ತಮಾಷೆಗೆ 'ಸ್ಟೀವ್' ಅಂತ ಹೆಸರಿಟ್ಟರು. ವಿಜ್ಞಾನಿಗಳು ಆ ಫೋಟೊಗಳನ್ನು ಸ್ವಾರ್ಮ್ ಉಪಗ್ರಹದ ಮಾಹಿತಿಯೊಂದಿಗೆ ತಾಳೆ ಹಾಕಿ 2018ರಲ್ಲಿ ಪ್ರಬಂಧ ಬರೆದರು, ಹೆಸರು ಸ್ಟೀವ್ ಅಂತಲೇ ಉಳಿಯಿತು. ಒಬ್ಬೊಬ್ಬರೂ ಬಚ್ಚಿಟ್ಟುಕೊಂಡು ಕೂತಿದ್ದರೆ ಲೆನ್ಸಿನ ದೋಷವೇನೋ ಎಂದು ಅಳಿಸಿಬಿಡುತ್ತಿದ್ದರೋ ಏನೋ.

ಅದಕ್ಕೇ, ಒಂದೆರಡು ಫೋಟೊ ಸರಿ ಬಂದ ಮೇಲೆ ಕ್ಯಾಮೆರಾ ತಾನಾಗಿ ತೆಗೆಯುವಂತೆ ಮಾಡಿಟ್ಟು ಎಲ್ಲರ ನಡುವೆ ಬಂದು ನಿಲ್ಲು. ಟ್ರೈಪಾಡ್ ತರದವರಿಗೆ ನಿನ್ನದರಲ್ಲೇ ಒಂದು ತೆಗೆದುಕೊಡು, ಊರಿಗೆ ಬಂದ ಮೇಲೆ ಮರೆಯದೆ ಕಳಿಸು. 'ಕಳಿಸ್ತೀನಿ' ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ ಇಬ್ಬರಿಗಾಗುವಷ್ಟು ಇರಲಿ. ಮತ್ತೆ, ಅಜ್ಜಿ ಹೆಣೆದ ಆ ಟೋಪಿ ಹಾಕಿಕೋ. ಕತ್ತಲಲ್ಲಿ ನಿನ್ನ ಸ್ಟೈಲು ಯಾರಿಗೂ ಕಾಣುವುದಿಲ್ಲ.