ಮೈ ನುಡಿಯುವ ಭಾಷೆ

ಅಂಜಿದಾಗ ಅಂಗೈ ತಣ್ಣಗಾಗುವುದನ್ನೂ ಬಾಯಿ ಒಣಗುವುದನ್ನೂ ಅರಿಯದವರಾರು? ಇವುಗಳನ್ನು ನಾವು ಬೇಕೆಂದು ಮಾಡುವುದಿಲ್ಲ. ಬೇಡವೆಂದು ನಿಲ್ಲಿಸಲೂ ಆರೆವು. ನಮ್ಮ ಅಪ್ಪಣೆಗೆ ಕಾಯದ ಈ ವ್ಯಾಪಾರಗಳನ್ನು ನಡೆಸುವುದು ಸ್ವಾಯತ್ತ ನರಮಂಡಲ.

ಇದಕ್ಕೆ ಮುಖ್ಯವಾಗಿ ಎರಡು ಶಾಖೆಗಳುಂಟು. ಅನುವೇದನಾ ಶಾಖೆಯು ಅಪಾಯವನ್ನೆದುರಿಸಲು ಇಲ್ಲವೆ ಓಡಿಹೋಗಲು ಶರೀರವನ್ನು ಅಣಿಗೊಳಿಸುತ್ತದೆ. ಆಗ ಕಣ್ಣಿನ ಪಾಪೆ ಹಿಗ್ಗುತ್ತದೆ, ನಾಡಿ ತ್ವರಿತವಾಗುತ್ತದೆ, ಬೆವರು ಒಸರುತ್ತದೆ. ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಇಂಥ ಬದಲಾವಣೆಗಳನ್ನು 1915ರ ತನ್ನ ಗ್ರಂಥದಲ್ಲಿ ವಿವರಿಸಿದನು. ಪರಾನುವೇದನಾ ಶಾಖೆಯಾದರೋ ವೇಗಸ್ ನರದ ಮೂಲಕ ಹೃದಯದ ಗತಿಯನ್ನು ತಗ್ಗಿಸಿ ವಿಶ್ರಾಂತಿಯನ್ನು ತರುತ್ತದೆ.

ಮನೋಚಿಕಿತ್ಸಕರು ಮಾತಿನೊಡನೆ ಈ ಕುರುಹುಗಳನ್ನೂ ಗಮನಿಸುತ್ತಾರೆ: ಉಸಿರು ಎದೆಯ ಮೇಲ್ಭಾಗದಲ್ಲೇ ನಿಂತಿದೆಯೆ? ಹೆಗಲು ಬಿಗಿದಿದೆಯೆ? ಯಾವ ಮಾತು ಬಂದಾಗ ದನಿ ಕುಗ್ಗಿತು?

ಆದರೆ ಕುರುಹೇ ಕಾರಣವಲ್ಲ. ರಾಯಚೂರು ಜಿಲ್ಲೆಯ ಮಲ್ಲಟದಿಂದ ನಡುಬೇಸಗೆಯಲ್ಲಿ ಬಸ್ಸಿನಲ್ಲಿ ಬಂದ ರೈತನೊಬ್ಬನ ಹಣೆ ಬೆವೆತಿದೆಯೆಂದು ಭಾವಿಸೋಣ. ಅದು ಭಯದ ಬೆವರೋ, ಬಿಸಿಲಿನ ಬೆವರೋ? ನಮ್ಮ ನಾಟ್ಯಶಾಸ್ತ್ರವು ಎಂಟು ಸಾತ್ತ್ವಿಕ ಭಾವಗಳಲ್ಲಿ ಸ್ವೇದವನ್ನೂ ಎಣಿಸಿ, ಅದಕ್ಕೆ ಭಯ, ಕ್ರೋಧ, ಹರ್ಷಗಳಷ್ಟೇ ಅಲ್ಲದೆ ಶ್ರಮ, ರೋಗ, ತಾಪಗಳನ್ನೂ ಕಾರಣವಾಗಿ ಹೇಳಿದೆ. ಆದುದರಿಂದ ನುರಿತ ಚಿಕಿತ್ಸಕರು ಮೊದಲು ನೀರು ಕೊಟ್ಟು, ಬಂದವನು ಸುಧಾರಿಸಿಕೊಳ್ಳುವವರೆಗೆ ಮಳೆಬೆಳೆಯ ಮಾತನ್ನಾಡುತ್ತಾರೆ. ಆಗ ಅವನ ಸಹಜ ಸ್ಥಿತಿ ತಿಳಿಯುತ್ತದೆ. ಬಳಿಕ ಸಾಲದ ಮಾತೆತ್ತಿದೊಡನೆ ಉಸಿರು ತಡೆದರೆ, ಆ ವ್ಯತ್ಯಾಸಕ್ಕೆ ಬೆಲೆಯುಂಟು. ಆಗಲೂ ಅವರು ತೀರ್ಪು ಕೊಡುವುದಿಲ್ಲ, "ಈಗ ಮೈಯಲ್ಲಿ ಏನನ್ನಿಸುತ್ತಿದೆ?" ಎಂದು ಕೇಳುತ್ತಾರೆ.

ಮೌನವಂತೂ ಹೆಚ್ಚು ಮೋಸಗೊಳಿಸುತ್ತದೆ. ಭಯವು ಮಿತಿಮೀರಿದಾಗ ಕೆಲವರು ನಡುಗುವುದಿಲ್ಲ, ಅಳುವುದಿಲ್ಲ; ಮರಗಟ್ಟಿದಂತೆ ಕುಳಿತುಬಿಡುತ್ತಾರೆ. ಇದನ್ನು ಶಾಂತಿಯೆಂದು ಬಗೆದರೆ, ನೆರವು ಬೇಕಾದವನು ಬರಿಗೈಯಲ್ಲಿ ಹಿಂದಿರುಗುವನು. ಅಂಥವನೊಡನೆ ಚಿಕಿತ್ಸಕರು ತಮ್ಮ ದನಿಯನ್ನು ತಗ್ಗಿಸಿ, ಅವಸರಪಡಿಸದೆ, ನಿಧಾನವಾಗಿ ಉಸಿರು ಬಿಡಲು ಹೇಳಿಕೊಡಬಹುದು. ಉಸಿರು ಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಿ ನಾಡಿ ಇಳಿಯುತ್ತದೆ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ (14416) ಹಳ್ಳಿಯಿಂದಲೇ ಉಚಿತವಾಗಿ ಕರೆಮಾಡಬಹುದು. ಧ್ವನಿಯ ಕರೆಯಲ್ಲಿ ಮುಖ ಕಾಣದು; ಮಾತಿನ ವೇಗ, ತಡೆ, ನಿಟ್ಟುಸಿರುಗಳೇ ಅಲ್ಲಿ ಕುರುಹುಗಳು.

ಪರೀಕ್ಷೆಯ ದಿನಗಳಲ್ಲಿ ಗೆಳೆಯನೊಬ್ಬನು ಎಂದಿನಂತಿಲ್ಲದೆ ಸುಮ್ಮನಾದರೆ ನಾವು ಅವನ ಮನಸ್ಸನ್ನು ಓದಿದೆವೆಂದು ಭ್ರಮಿಸಬಾರದು. ವ್ಯತ್ಯಾಸವನ್ನು ಕಂಡೆವು, ಅಷ್ಟೆ. ಬಳಿ ಕುಳಿತು ಕೇಳುವುದು ಮುಂದಿನ ಕೆಲಸ.